ಗುಣವಾದವರೆಷ್ಟು ಮಂದಿ?

(ಸಂಘದ ಆರೋಗ್ಯ ದಿನದ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ರಾತ್ರಿಯ ಪಾಳಿ ಮುಗಿಸಿ ಕಣ್ಣುಜ್ಜಿಕೊಳ್ಳುತ್ತ ಬಂದವರು ಇಲ್ಲಿದ್ದೀರಿ. ಮಧ್ಯಾಹ್ನದ ಊಟದ ಗದ್ದಲ ಇಳಿದ ಮೇಲೆ ಸಿಗುವ ಎರಡು ಗಂಟೆಯ ಬಿಡುವನ್ನು ಈ ಸಭೆಗೆ ಕೊಟ್ಟವರೂ ಇದ್ದೀರಿ. ಆದುದರಿಂದ ಪೀಠಿಕೆಯನ್ನು ಲಂಬಿಸದೆ ವಿಷಯಕ್ಕೆ ಬರುತ್ತೇವೆ. ಇಂದು ನಾವು ಮಾತಾಡಬೇಕೆಂದಿರುವುದು ಒಂದೇ ಪ್ರಶ್ನೆಯ ಕುರಿತು. ಒಂದು ಆಸ್ಪತ್ರೆ ಒಳ್ಳೆಯದು, ಒಂದು ಚಿಕಿತ್ಸೆ ಸರಿಯಾದುದು ಎಂದು ತಿಳಿಯುವುದು ಹೇಗೆ?

ನಮ್ಮ ಜನ ಆಸ್ಪತ್ರೆಯನ್ನು ಆರಿಸುವ ರೀತಿಯನ್ನು ನೋಡಿರಿ. ಕಟ್ಟಡ ಎತ್ತರವಾಗಿದ್ದರೆ, ನೆಲ ಮುಖ ಕಾಣುವಷ್ಟು ಹೊಳೆಯುತ್ತಿದ್ದರೆ, ಡಾಕ್ಟರರ ಹೆಸರಿನ ಮುಂದೆ ನಾಲ್ಕಾರು ಅಕ್ಷರಗಳಿದ್ದರೆ ಅದು ಒಳ್ಳೆಯ ಆಸ್ಪತ್ರೆ. ಫೀ ಹೆಚ್ಚಾದಷ್ಟೂ ನಂಬಿಕೆ ಹೆಚ್ಚು. ಹೆಂಡತಿಯ ಕರಿಮಣಿ ಸರ ಅಡವಿಟ್ಟು, ಮಾಲೀಕರಿಂದ ಆರು ತಿಂಗಳ ಪಗಾರ ಮುಂಗಡ ತಂದು ನಾವು ಅಲ್ಲಿಗೆ ಹೋಗುತ್ತೇವೆ. ಹಾಸಿಗೆಯ ದರ ಎಷ್ಟು ಎಂದು ಕೇಳುತ್ತೇವೆ. ಊಟ ಆಸ್ಪತ್ರೆಯದೋ ನಮ್ಮದೋ ಎಂದು ಕೇಳುತ್ತೇವೆ. ಕೇಳದೆ ಬಿಡುವ ಪ್ರಶ್ನೆ ಒಂದೇ: ನಮ್ಮಂಥ ರೋಗದವರು ಹಿಂದೆ ಇಲ್ಲಿಗೆ ಬಂದಿದ್ದರಲ್ಲ, ಅವರಲ್ಲಿ ಗುಣವಾದವರೆಷ್ಟು ಮಂದಿ? ಅವರು ಈಗ ಹೇಗಿದ್ದಾರೆ?

ನಮ್ಮ ನಮ್ಮ ಕಸುಬಿನಲ್ಲಿ ಇಂಥ ಅಲಕ್ಷ್ಯ ನಡೆಯುವುದಿಲ್ಲ. ಗಿರಣಿಯಲ್ಲಿ ದುಡಿದ ಹಿರಿಯರನ್ನು ಕೇಳಿರಿ. ಮಗ್ಗ ಎಷ್ಟು ಹೊಸದು, ನೇಕಾರ ಎಷ್ಟು ಬೆವರಿದ ಎಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಕೊನೆಗೆ ಥಾನನ್ನು ಬಿಚ್ಚಿ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಎಳೆ ತಪ್ಪಿದ್ದರೆ ಪಗಾರದಲ್ಲಿ ಕಡಿತ. ಹೋಟೆಲಿನಲ್ಲಿಯೂ ಅಷ್ಟೇ. ಒಲೆ ಯಾವುದು, ಪಾತ್ರೆ ಎಲ್ಲಿಯದು ಎಂದು ಗಿರಾಕಿ ಕೇಳುವುದಿಲ್ಲ. ತಟ್ಟೆಗೆ ಬಂದ ದೋಸೆಯನ್ನು ನೋಡುತ್ತಾನೆ. ಆರು ಗಜ ಬಟ್ಟೆಗೆ ಇರುವ ತಪಾಸಣೆ ಮನುಷ್ಯನ ದೇಹಕ್ಕೆ ಬೇಡವೆ?

ಬೇಕೆಂದು ಹೇಳಿದ ವೈದ್ಯರು ಹಿಂದೆಯೂ ಇದ್ದರು. ಹಾಗೆ ಹೇಳಿದ್ದಕ್ಕಾಗಿ ಕಷ್ಟಪಟ್ಟವರೂ ಇದ್ದರು. ಅವರ ಕಥೆಯನ್ನು ಸ್ವಲ್ಪ ಹೇಳುತ್ತೇವೆ.

ಆಸ್ಟ್ರಿಯ ದೇಶದ ವಿಯೆನ್ನಾ ನಗರದ ದೊಡ್ಡ ಸರಕಾರಿ ಆಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಮೊದಲನೆಯದರಲ್ಲಿ ವೈದ್ಯಕೀಯ ವಿದ್ಯಾರ್ಥಿಗಳು ಕಲಿಯುತ್ತಿದ್ದರು. ಎರಡನೆಯದರಲ್ಲಿ ಸೂಲಗಿತ್ತಿಯರು ಕಲಿಯುತ್ತಿದ್ದರು. ಒಂದು ದಿನ ಬಂದ ಗರ್ಭಿಣಿಯರನ್ನು ಒಂದಕ್ಕೆ, ಮರುದಿನ ಬಂದವರನ್ನು ಇನ್ನೊಂದಕ್ಕೆ ಸೇರಿಸುತ್ತಿದ್ದರು. ಊರು ಒಂದೇ, ಬಡತನ ಒಂದೇ, ಗಾಳಿ ನೀರು ಒಂದೇ. ಆದರೆ 1846ರ ಲೆಕ್ಕವನ್ನು ನೋಡಿರಿ. ಮೊದಲನೆಯ ವಿಭಾಗದಲ್ಲಿ 4010 ಹೆರಿಗೆಗಳಾದವು. ಬಾಣಂತಿ ಜ್ವರದಿಂದ ಸತ್ತ ತಾಯಂದಿರು 459. ಎರಡನೆಯದರಲ್ಲಿ 3754 ಹೆರಿಗೆಗಳು, ಸತ್ತವರು 105. ಅಂದರೆ ದೊಡ್ಡ ಡಾಕ್ಟರರಿದ್ದ ಕಡೆ ನೂರಕ್ಕೆ ಹನ್ನೊಂದು, ಸೂಲಗಿತ್ತಿಯರಿದ್ದ ಕಡೆ ನೂರಕ್ಕೆ ಮೂರೂ ಇಲ್ಲ. ಊರಿನ ಬಡ ಹೆಂಗಸರಿಗೆ ಇದು ಅಂಕಿಯಿಲ್ಲದೆಯೇ ಗೊತ್ತಿತ್ತು. ಮೊದಲನೆಯ ವಿಭಾಗಕ್ಕೆ ತಮ್ಮನ್ನು ಹಾಕಬೇಡಿರೆಂದು ಅವರು ಕಾಲು ಹಿಡಿದು ಬೇಡುತ್ತಿದ್ದರು.

ಅಲ್ಲಿ ಸಹಾಯಕರಾಗಿದ್ದ ಇಗ್ನಾಜ್ ಸೆಮೆಲ್‌ವೈಸ್ ಎಂಬ ಹಂಗೇರಿಯ ತರುಣ ವೈದ್ಯರನ್ನು ಈ ಅಂಕಿ ನಿದ್ದೆಗೆಡಿಸಿತು. 1847ರಲ್ಲಿ ಅವರ ಸ್ನೇಹಿತರಾದ ಪ್ರಾಧ್ಯಾಪಕರೊಬ್ಬರು ಶವ ಕೊಯ್ಯುವಾಗ ವಿದ್ಯಾರ್ಥಿಯ ಚೂರಿ ಬೆರಳಿಗೆ ತಗಲಿ ತೀರಿಕೊಂಡರು. ಅವರ ದೇಹದಲ್ಲಿ ಕಂಡ ಗುರುತುಗಳೆಲ್ಲ ಬಾಣಂತಿಯರಲ್ಲಿ ಕಂಡವೇ. ಆಗ ಸೆಮೆಲ್‌ವೈಸರಿಗೆ ಹೊಳೆಯಿತು: ವಿದ್ಯಾರ್ಥಿಗಳು ಬೆಳಿಗ್ಗೆ ಶವಗಳನ್ನು ಕೊಯ್ದು ಅದೇ ಕೈಯಿಂದ ಗರ್ಭಿಣಿಯರನ್ನು ಪರೀಕ್ಷಿಸುತ್ತಿದ್ದಾರೆ; ಸೂಲಗಿತ್ತಿಯರು ಶವಗಳನ್ನು ಮುಟ್ಟುವುದಿಲ್ಲ. ಅದೇ ವರ್ಷದ ಮೇ ತಿಂಗಳಲ್ಲಿ, ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಯದೆ ಯಾರೂ ಒಳಗೆ ಬರಕೂಡದೆಂದು ಅವರು ಕಟ್ಟಪ್ಪಣೆ ಮಾಡಿದರು. ಮರುವರ್ಷ, 1848ರಲ್ಲಿ, ಮೊದಲನೆಯ ವಿಭಾಗದ 3556 ಹೆರಿಗೆಗಳಲ್ಲಿ ಸತ್ತವರು 45 ಮಂದಿ. ನೂರಕ್ಕೆ ಹನ್ನೊಂದು ಇದ್ದದ್ದು ಒಂದೂಕಾಲಿಗೆ ಇಳಿಯಿತು.

ಇಲ್ಲಿ ಗಮನಿಸಬೇಕಾದುದು ಇಷ್ಟು. ರೋಗಾಣುಗಳ ಶಾಸ್ತ್ರ ಆಗಿನ್ನೂ ಹುಟ್ಟಿರಲಿಲ್ಲ. ಹೊಸ ಕಟ್ಟಡವಾಗಲಿ ಹೊಸ ಯಂತ್ರವಾಗಲಿ ಬರಲಿಲ್ಲ. ಬಂದವರೆಷ್ಟು, ಬದುಕಿದವರೆಷ್ಟು ಎಂದು ಎರಡು ಕಡೆಯದನ್ನೂ ಎಣಿಸಿ ಪಕ್ಕಪಕ್ಕದಲ್ಲಿ ಇಟ್ಟದ್ದೇ ಕಾರಣ ಹುಡುಕಲು ಹಾದಿಯಾಯಿತು. ಆದರೆ ತಮ್ಮ ಕೈಯೇ ಸಾವನ್ನು ಹೊತ್ತು ತರುತ್ತಿತ್ತು ಎಂಬ ಮಾತನ್ನು ಅಂದಿನ ದೊಡ್ಡ ವೈದ್ಯರಲ್ಲಿ ಬಹುಮಂದಿ ಸಹಿಸಲಿಲ್ಲ. ಸೆಮೆಲ್‌ವೈಸ್ ವಿಯೆನ್ನಾ ಬಿಟ್ಟು ಹೋಗಬೇಕಾಯಿತು. 1865ರಲ್ಲಿ ಹುಚ್ಚರ ಆಸ್ಪತ್ರೆಯೊಂದರಲ್ಲಿ ಸತ್ತರು.

ಹಾಗಾದರೆ ಎಣಿಸಿದ್ದೆಲ್ಲ ಸತ್ಯವೆ? ಅಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲವೆಂಬಂತೆ, ಅಂಕಿಯಲ್ಲಿ ಹೇಳಿದ್ದೆಲ್ಲ ಲೆಕ್ಕವಲ್ಲ. ಇದಕ್ಕೂ ಒಂದು ದೊಡ್ಡವರ ಉದಾಹರಣೆಯೇ ಇದೆ. ದಾದಿಯರ ವೃತ್ತಿಗೆ ಗೌರವ ತಂದ ಫ್ಲಾರೆನ್ಸ್ ನೈಟಿಂಗೇಲರು ಆಸ್ಪತ್ರೆಗಳೆಲ್ಲ ಒಂದೇ ಮಾದರಿಯ ಪತ್ರಕದಲ್ಲಿ ರೋಗಿಗಳ ಲೆಕ್ಕ ಇಡಬೇಕೆಂದು ಹೋರಾಡಿದ ಮಹಿಳೆ. 1863ರಲ್ಲಿ ಅವರು ಆಸ್ಪತ್ರೆಗಳ ಕುರಿತ ತಮ್ಮ ಪುಸ್ತಕದಲ್ಲಿ ಒಂದು ಪಟ್ಟಿಯನ್ನು ಅಚ್ಚು ಮಾಡಿಸಿದರು. ಅದರ ಪ್ರಕಾರ ಲಂಡನ್ನಿನ 24 ಆಸ್ಪತ್ರೆಗಳಲ್ಲಿ ಸಾವಿನ ಪ್ರಮಾಣ ನೂರಕ್ಕೆ ತೊಂಬತ್ತು! ಜನ ಬೆಚ್ಚಿಬಿದ್ದರು. ಆದರೆ ಆ ಲೆಕ್ಕ ಮಾಡಿದ್ದು ಹೇಗೆ? ಇಡೀ ವರ್ಷ ಸತ್ತವರ ಸಂಖ್ಯೆಯನ್ನು 1861ರ ಏಪ್ರಿಲ್ ತಿಂಗಳ ಒಂದೇ ದಿನ ಹಾಸಿಗೆಯ ಮೇಲಿದ್ದವರ ಸಂಖ್ಯೆಯಿಂದ ಭಾಗಿಸಿದ್ದರು.

ಹೋಟೆಲಿನ ಬಂಧುಗಳಿಗೆ ಇದರ ತಪ್ಪು ಕೂಡಲೇ ತಿಳಿಯುತ್ತದೆ. ನಿಮ್ಮ ಹೋಟೆಲಿನಲ್ಲಿ ಒಂದು ವೇಳೆಗೆ ನಲವತ್ತು ಜನ ಕೂರಬಹುದು. ವರ್ಷದಲ್ಲಿ ನಲವತ್ತು ತಟ್ಟೆ ಒಡೆದರೆ, ಬಂದ ಗಿರಾಕಿಗಳೆಲ್ಲ ತಲೆಗೊಂದು ತಟ್ಟೆ ಒಡೆದರೆಂದು ಹೇಳಬಹುದೆ? ಅದೇ ನಲವತ್ತು ಕುರ್ಚಿಗಳ ಮೇಲೆ ವರ್ಷವಿಡೀ ಸಾವಿರಾರು ಜನ ಕೂತು ಎದ್ದು ಹೋಗಿದ್ದಾರೆ. ಅಂದಿನ ವೈದ್ಯ ಪತ್ರಿಕೆಗಳು ಈ ತಪ್ಪನ್ನು ಎತ್ತಿ ತೋರಿಸಿದವು. ಇನ್ನೊಂದು ಮಾತನ್ನೂ ಹೇಳಿದವು: ಲಂಡನ್ನಿನ ದೊಡ್ಡ ಆಸ್ಪತ್ರೆಗಳಿಗೆ ಬರುವವರು ಕೈಮೀರಿದ ರೋಗಿಗಳು, ಹಳ್ಳಿಯ ಸಣ್ಣ ಆಸ್ಪತ್ರೆಗೆ ಬರುವವರೊಡನೆ ಅವರನ್ನು ತೂಗುವುದು ನ್ಯಾಯವಲ್ಲ.

ಈ ಎರಡನೆಯ ಮಾತು ಇಂದಿಗೂ ಮುಖ್ಯ. ಎಲ್ಲಿಯೂ ಆಗದು ಎಂದವರನ್ನು ಬಾಗಿಲು ತೆರೆದು ಕರೆದುಕೊಳ್ಳುವ ಸರಕಾರಿ ಆಸ್ಪತ್ರೆಯಲ್ಲಿ ಸಾವು ಹೆಚ್ಚು ಕಾಣಬಹುದು. ಕಷ್ಟದ ರೋಗಿಯನ್ನು ಬಾಗಿಲಿನಿಂದಲೇ ಹಿಂದೆ ಕಳಿಸುವ ಕಡೆ ಸಾವು ಕಡಿಮೆ ಕಾಣಬಹುದು. ಅಷ್ಟರಿಂದ ಮೊದಲನೆಯದು ಕೆಟ್ಟದು, ಎರಡನೆಯದು ಒಳ್ಳೆಯದು ಎಂದಾಗುವುದಿಲ್ಲ. ಆದುದರಿಂದಲೇ ಅಮೆರಿಕದ ನ್ಯೂಯಾರ್ಕ್ ರಾಜ್ಯ 1989ರಿಂದ ಹೃದಯದ ಬೈಪಾಸ್ ಶಸ್ತ್ರಕ್ರಿಯೆಯ ಲೆಕ್ಕ ಸಂಗ್ರಹಿಸತೊಡಗಿದಾಗ, ರೋಗಿಯ ವಯಸ್ಸೆಷ್ಟು, ಬರುವಾಗ ಹೃದಯ ಎಷ್ಟು ಹದಗೆಟ್ಟಿತ್ತು, ಬೇರೆ ರೋಗಗಳೇನಿದ್ದವು ಎಂಬುದನ್ನೆಲ್ಲ ಬರೆಸಿಕೊಂಡಿತು. ಇಂಥ ರೋಗಿಗಳಲ್ಲಿ ಇಷ್ಟು ಸಾವು ನಿರೀಕ್ಷಿತ, ಆದದ್ದು ಎಷ್ಟು ಎಂದು ಎರಡನ್ನೂ ಹೋಲಿಸಿ ಆಸ್ಪತ್ರೆಗಳ ಹೆಸರಿನೊಡನೆ ಪ್ರಕಟಿಸಿತು. ತಕ್ಕಡಿಯಲ್ಲಿ ತೂಗುವ ಮೊದಲು ಚೀಲದ ತೂಕವನ್ನು ಕಳೆಯುವಂಥ ಕೆಲಸ ಇದು.

ಸಾವು ಬದುಕಿನ ಲೆಕ್ಕವೊಂದೇ ಸಾಕೆ? ಸಾಲದೆಂದು ಹೇಳಿದವರು ಬಾಸ್ಟನ್ ನಗರದ ಶಸ್ತ್ರವೈದ್ಯ ಅರ್ನೆಸ್ಟ್ ಕಾಡ್‌ಮನ್. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳ ಮಾತಿದು. ಅವರು ಪ್ರತಿಯೊಬ್ಬ ರೋಗಿಗೂ ಒಂದು ಕಾರ್ಡು ಮಾಡಿದರು. ಬಂದಾಗಿನ ತೊಂದರೆ ಏನು, ಮಾಡಿದ್ದೇನು, ವರ್ಷ ಕಳೆದ ಮೇಲೆ ರೋಗಿ ಹೇಗಿದ್ದಾನೆ, ಗುಣವಾಗದಿದ್ದರೆ ಏಕೆ ಎಂದು ಅದರಲ್ಲಿ ಬರೆಯುತ್ತಿದ್ದರು. ರೋಗಿ ಆಸ್ಪತ್ರೆಯ ಮೆಟ್ಟಿಲಿಳಿದ ದಿನಕ್ಕೆ ಲೆಕ್ಕ ಮುಗಿಯಲಿಲ್ಲವೆಂಬುದು ಅವರ ಮಾತಿನ ತಿರುಳು. ತಮ್ಮದೇ ಒಂದು ಚಿಕ್ಕ ಆಸ್ಪತ್ರೆಯನ್ನು ತೆರೆದು, 1911ರಿಂದ 1916ರವರೆಗೆ ಅಲ್ಲಿಂದ ಹೊರಟ 337 ರೋಗಿಗಳ ಲೆಕ್ಕವನ್ನು ಅಚ್ಚು ಹಾಕಿಸಿದರು. ಅದರಲ್ಲಿ ತಮ್ಮ ಕಡೆಯಿಂದಾದ 123 ತಪ್ಪುಗಳನ್ನು ತಾವೇ ಎಣಿಸಿ ತೋರಿಸಿದರು. ಉಳಿದ ಆಸ್ಪತ್ರೆಗಳೂ ಹೀಗೆಯೇ ಮಾಡಲೆಂದು ಸಾರಿದರು. ಫಲವೇನಾಯಿತು? 1915ರಲ್ಲಿ ಒಂದು ವೈದ್ಯ ಸಭೆಯಲ್ಲಿ, ಲೆಕ್ಕ ಕೇಳದೆ ಹಣ ಕೊಡುವ ಶ್ರೀಮಂತರನ್ನು ಮರಳಿನಲ್ಲಿ ತಲೆ ಹುಗಿದ ಉಷ್ಟ್ರಪಕ್ಷಿಯಂತೆ ಬರೆಸಿದ ಚಿತ್ರವನ್ನು ಅವರು ಬಿಚ್ಚಿ ತೋರಿಸಿದಾಗ ದೊಡ್ಡ ಗದ್ದಲವಾಯಿತು. ವೃತ್ತಿಬಾಂಧವರು ಅವರನ್ನು ದೂರ ಮಾಡಿದರು. ಅವರು 1940ರಲ್ಲಿ ತೀರಿಕೊಂಡರು. ಸಮಾಧಿಯ ಮೇಲೆ ಹೆಸರಿನ ಕಲ್ಲು ಬಂದದ್ದು 2014ರಲ್ಲಿ.

ಕಾಡ್‌ಮನ್ನರ ವಿಚಾರಕ್ಕೆ ಶಾಸ್ತ್ರದ ರೂಪ ಬಂದದ್ದು 1966ರಲ್ಲಿ. ಬೈರೂತಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಅವೆಡಿಸ್ ಡೊನಬೆಡಿಯನ್ ಎಂಬ ವೈದ್ಯರು ಚಿಕಿತ್ಸೆಯ ಗುಣವನ್ನು ಮೂರು ಕಡೆಯಿಂದ ನೋಡಬೇಕೆಂದು ಬರೆದರು. ಮೊದಲನೆಯದು ಸಾಧನ: ಕಟ್ಟಡ, ಹಾಸಿಗೆ, ಯಂತ್ರ, ಕಲಿತ ಸಿಬ್ಬಂದಿ. ಎರಡನೆಯದು ಕ್ರಮ: ಸರಿಯಾದ ಪರೀಕ್ಷೆ, ಸರಿಯಾದ ಔಷಧ, ಸರಿಯಾದ ವೇಳೆ. ಮೂರನೆಯದು ಫಲ: ರೋಗಿಗೆ ಕೊನೆಗೆ ಆದದ್ದೇನು? ಅಡಿಗೆಮನೆಯ ಮಾತಿನಲ್ಲಿ ಹೇಳುವುದಾದರೆ ಪಾತ್ರೆಪಡಗ ಸಾಧನ, ಅಡಿಗೆಯ ಪಾಕ ಕ್ರಮ, ಉಂಡವನ ಹೊಟ್ಟೆ ಫಲ. ಪಾತ್ರೆ ಬೆಳ್ಳಿಯದಾದರೂ ಸಾರು ಹಳಸಿದ್ದರೆ ಏನು ಪ್ರಯೋಜನ? ನಾವು ಹೊಳೆಯುವ ನೆಲವನ್ನು ನೋಡಿ ಆಸ್ಪತ್ರೆಗೆ ಸೇರುವಾಗ ಸಾಧನವನ್ನಷ್ಟೇ ನೋಡುತ್ತೇವೆ. ಅದೂ ಅರ್ಧ.

ಎಣಿಸದೆ ಬಿಟ್ಟರೆ ಏನಾಗುತ್ತದೆಂಬುದಕ್ಕೆ ಇಂಗ್ಲೆಂಡಿನ ಬ್ರಿಸ್ಟಲ್ ನಗರವೇ ಸಾಕ್ಷಿ. ಅಲ್ಲಿಯ ಹೆಸರಾಂತ ಆಸ್ಪತ್ರೆಯಲ್ಲಿ ಎಳೆಮಕ್ಕಳ ಹೃದಯದ ಶಸ್ತ್ರಕ್ರಿಯೆ ನಡೆಯುತ್ತಿತ್ತು. ಸಾವು ಹೆಚ್ಚಾಗುತ್ತಿದೆಯೆಂದು ಅರಿವಳಿಕೆಯ ವೈದ್ಯರಾದ ಸ್ಟೀಫನ್ ಬಾಲ್ಸಿನ್ ತಾವಾಗಿಯೇ ಲೆಕ್ಕ ಇಟ್ಟು ಎಚ್ಚರಿಸಿದರು. ವರ್ಷಗಟ್ಟಲೆ ಕೇಳಿದವರಿಲ್ಲ. ಕೊನೆಗೆ ಸರಕಾರಿ ವಿಚಾರಣೆ ನಡೆದು 2001ರಲ್ಲಿ ವರದಿ ಬಂತು. 1991ರಿಂದ 1995ರವರೆಗೆ, ದೇಶದ ಸಾಮಾನ್ಯ ಕೇಂದ್ರವೊಂದರಲ್ಲಿ ನಿರೀಕ್ಷಿಸಬಹುದಾಗಿದ್ದುದಕ್ಕಿಂತ 30ರಿಂದ 35 ಹಸುಗೂಸುಗಳು ಅಲ್ಲಿ ಹೆಚ್ಚಾಗಿ ಸತ್ತಿದ್ದವು. ಆ ತಾಯಿತಂದೆಗಳಿಗೆ ಅಂಕಿಯನ್ನು ಮೊದಲೇ ಹೇಳಿದ್ದರೆ ಅವರು ಮಗುವನ್ನು ಬೇರೆ ಊರಿಗೆ ಒಯ್ಯುತ್ತಿರಲಿಲ್ಲವೆ?

ರೋಗಿಯನ್ನೇ ಕೇಳುವ ಪದ್ಧತಿಯೂ ಬಂದಿದೆ. ಇಂಗ್ಲೆಂಡಿನಲ್ಲಿ 2009ರಿಂದ ಸೊಂಟದ ಕೀಲು, ಮೊಣಕಾಲು, ಹರ್ನಿಯ, ಕಾಲಿನ ಉಬ್ಬಿದ ನರ, ಈ ನಾಲ್ಕು ಶಸ್ತ್ರಕ್ರಿಯೆಗಳಿಗೆ ಮುಂಚೆ ಮತ್ತು ಕೆಲವು ತಿಂಗಳ ನಂತರ ರೋಗಿಗೆ ಪ್ರಶ್ನೆಪತ್ರ ಕೊಟ್ಟರು. ನೋವೆಷ್ಟು, ನಡೆಯಬಲ್ಲಿರಾ, ನಿತ್ಯದ ಕೆಲಸ ಸಾಗುತ್ತಿದೆಯೆ ಎಂಬ ಪ್ರಶ್ನೆಗಳು. ಹರ್ನಿಯ ಮತ್ತು ನರದ ಲೆಕ್ಕವನ್ನು 2017ರಲ್ಲಿ ನಿಲ್ಲಿಸಿದರು. ಆದರೆ ಈ ನಾಲ್ಕು ರೋಗಗಳ ಹೆಸರು ಕೇಳಿದಾಗ ನಮ್ಮ ಜನರ ಮುಖಗಳೇ ಕಣ್ಣ ಮುಂದೆ ಬರುತ್ತವೆ. ಹತ್ತು ತಾಸು ನಿಂತು ಬಡಿಸುವವನ ಕಾಲಿನ ನರ, ಅಕ್ಕಿಯ ಮೂಟೆ ಹೊರುವವನ ಹರ್ನಿಯ, ಚಾಳಿನ ಮೆಟ್ಟಿಲು ಹತ್ತಲಾರದ ತಾಯಿಯ ಮೊಣಕಾಲು. ಶಸ್ತ್ರಕ್ರಿಯೆ ಯಶಸ್ವಿ ಎಂದು ಡಾಕ್ಟರರು ಬರೆಯಬಹುದು. ಅವನು ಮತ್ತೆ ಮೂಟೆ ಎತ್ತಬಲ್ಲನೆ? ದುಡಿಯುವವನ ಮಟ್ಟಿಗೆ ಗುಣವೆಂದರೆ ಅದು.

ಇನ್ನು ನಮ್ಮ ನೆಲದ ಮಾತಿಗೆ ಬರೋಣ. ಕ್ಷಯರೋಗಕ್ಕೆ ನಾವು ಹೊಸಬರಲ್ಲ. ಹತ್ತಿಯ ಧೂಳು ತುಂಬಿದ ಖಾತೆಗಳಲ್ಲಿ, ಹದಿನೈದು ಜನ ಮಲಗುವ ಖೋಲಿಗಳಲ್ಲಿ, ಹೋಟೆಲಿನ ಅಟ್ಟಗಳಲ್ಲಿ ಅದು ನಮ್ಮೊಡನೆಯೇ ಬದುಕಿದೆ. ಹಿಂದೆ ಕ್ಷಯವೆಂದರೆ ಸ್ಯಾನಟೋರಿಯಂ. ಬೆಟ್ಟದ ಗಾಳಿ, ಹಾಲು ಮೊಟ್ಟೆ, ತಿಂಗಳುಗಟ್ಟಲೆ ಹಾಸಿಗೆ. ಇವಿಲ್ಲದೆ ಗುಣವಿಲ್ಲವೆಂದು ಎಲ್ಲರೂ ನಂಬಿದ್ದರು. ದೇಶದಲ್ಲಿ ಲಕ್ಷಾಂತರ ರೋಗಿಗಳು, ಹಾಸಿಗೆಗಳು ಕೆಲವೇ ಸಾವಿರ. ಬಡವನಿಗೆ ಹಾಸಿಗೆಯಿಲ್ಲ, ಆದುದರಿಂದ ಬದುಕಿಲ್ಲ ಎಂಬಂಥ ಸ್ಥಿತಿ.

ಆಗ 1956ರಲ್ಲಿ ಮದ್ರಾಸಿನಲ್ಲಿ ಒಂದು ಕೇಂದ್ರ ಸ್ಥಾಪನೆಯಾಯಿತು. ಇಂದಿನ ಚೆನ್ನೈನ ರಾಷ್ಟ್ರೀಯ ಕ್ಷಯ ಸಂಶೋಧನಾ ಸಂಸ್ಥೆಯ ಮೂಲ ಅದೇ. ಡಾಕ್ಟರ್ ವ್ಯಾಲೇಸ್ ಫಾಕ್ಸ್ ಅಲ್ಲಿಯ ಸಂಶೋಧನೆಯ ಮುಂದಾಳು. ನಗರದ ಬಡ ಕೇರಿಗಳಿಂದ ಬಂದ, ಇನ್ನೂರಕ್ಕೆ ಸಮೀಪದಷ್ಟು ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಪಾಲು ಮಾಡಿದರು. ಒಂದು ಪಾಲು ಸ್ಯಾನಟೋರಿಯಂಗೆ, ಇನ್ನೊಂದು ಪಾಲು ತಮ್ಮ ತಮ್ಮ ಗುಡಿಸಲುಗಳಿಗೆ. ಔಷಧ ಇಬ್ಬರಿಗೂ ಒಂದೇ, ಅವಧಿ ಒಂದೇ ವರ್ಷ. ಮನೆಯಲ್ಲಿದ್ದವರಿಗೆ ಒಳ್ಳೆಯ ಊಟವಿಲ್ಲ, ವಿಶ್ರಾಂತಿಯಿಲ್ಲ, ಗಾಳಿಯಿಲ್ಲ. ವರ್ಷದ ಕೊನೆಗೆ ಕಫ ಪರೀಕ್ಷಿಸಿ ನೋಡಿದರು. 1959ರಲ್ಲಿ ಫಲ ಪ್ರಕಟವಾಯಿತು. ರೋಗ ಶಮನವಾದವರು ಸ್ಯಾನಟೋರಿಯಂನಲ್ಲಿ ನೂರಕ್ಕೆ 92, ಮನೆಯಲ್ಲಿ ನೂರಕ್ಕೆ 86. ಅಷ್ಟಕ್ಕೇ ಬಿಡಲಿಲ್ಲ, ಐದು ವರ್ಷ ಬೆನ್ನುಹತ್ತಿ ನೋಡಿದರು. ಐದು ವರ್ಷದ ಕೊನೆಗೆ ಸ್ಯಾನಟೋರಿಯಂನವರು ನೂರಕ್ಕೆ 89, ಮನೆಯವರು ನೂರಕ್ಕೆ 90. ಮನೆಯಲ್ಲಿ ಚಿಕಿತ್ಸೆ ಪಡೆದವರ ಹೆಂಡತಿ ಮಕ್ಕಳಿಗೆ ರೋಗ ಹೆಚ್ಚಾಗಿ ತಗಲಿತೆಂದೂ ಕಾಣಲಿಲ್ಲ.

ಬಂಧುಗಳೆ, ಈ ಅಂಕಿಗಳ ಬೆಲೆಯೇನೆಂದು ಯೋಚಿಸಿರಿ. ಹಾಸಿಗೆಯೇ ಚಿಕಿತ್ಸೆಯೆಂಬ ನಂಬಿಕೆ ಅಂದು ಮುರಿಯಿತು. ತಪ್ಪದೆ ನುಂಗುವ ಔಷಧವೇ ಚಿಕಿತ್ಸೆಯೆಂದು ಗೊತ್ತಾಯಿತು. ಗುಡಿಸಲಿನ ಮನುಷ್ಯನೂ ಬದುಕಬಹುದೆಂದು ಜಗತ್ತಿಗೆ ತಿಳಿಯಿತು. ಮದ್ರಾಸಿನ ಬಡ ರೋಗಿಗಳಿಂದ ಕಲಿತ ಪಾಠವನ್ನು ಶ್ರೀಮಂತ ದೇಶಗಳೂ ಅನುಸರಿಸಿದವು. ಸ್ಯಾನಟೋರಿಯಂಗಳು ಒಂದೊಂದಾಗಿ ಮುಚ್ಚಿದವು.

ಊಟ ಬೇಡವೇ ಬೇಡವೆಂದು ಇದರ ಅರ್ಥವೆ? ಅಲ್ಲ. ಅದನ್ನೂ ಎಣಿಸಿಯೇ ತಿಳಿದರು. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾಕ್ಟರ್ ಅನುರಾಗ್ ಭಾರ್ಗವ, ಡಾಕ್ಟರ್ ಮಾಧವಿ ಭಾರ್ಗವ ಮತ್ತು ಅವರ ಸಂಗಡಿಗರು ಝಾರ್ಖಂಡದಲ್ಲಿ 2800 ಕ್ಷಯರೋಗಿಗಳನ್ನೂ ಅವರ ಮನೆಗಳ ಹತ್ತು ಸಾವಿರಕ್ಕೂ ಹೆಚ್ಚು ಜನರನ್ನೂ ಸೇರಿಸಿ ಒಂದು ಅಧ್ಯಯನ ಮಾಡಿದರು. ರೋಗಿಗಳೆಲ್ಲರಿಗೂ ಔಷಧದೊಡನೆ ಆಹಾರ ಕೊಟ್ಟರು. ಮನೆಯವರಲ್ಲಿ ಒಂದು ಪಾಲಿಗೆ ಪ್ರತಿ ತಿಂಗಳು ಅಕ್ಕಿ ಬೇಳೆ ಹೆಚ್ಚಾಗಿ ಕೊಟ್ಟರು, ಇನ್ನೊಂದು ಪಾಲಿಗೆ ಕೊಡಲಿಲ್ಲ. 2023ರಲ್ಲಿ ಫಲ ಪ್ರಕಟವಾಯಿತು: ಅಕ್ಕಿ ಬೇಳೆ ಹೋದ ಮನೆಗಳಲ್ಲಿ ಹೊಸದಾಗಿ ಕ್ಷಯ ತಗಲುವುದು ನೂರಕ್ಕೆ 39ರಷ್ಟು ಕಡಿಮೆಯಾಯಿತು. ರೋಗಿಗಳಲ್ಲಿಯೂ ಮೊದಲ ಎರಡು ತಿಂಗಳಲ್ಲಿ ಮೈತೂಕ ಏರಿದವರಲ್ಲಿ ಸಾವು ಕಡಿಮೆ ಕಂಡಿತು. ಮದ್ರಾಸು ಹೇಳಿದ್ದು ಔಷಧಕ್ಕೆ ಆಸ್ಪತ್ರೆಯ ಹಾಸಿಗೆ ಬೇಡವೆಂದು. ಝಾರ್ಖಂಡ ಹೇಳಿದ್ದು ಹಸಿದ ಮನೆಯಲ್ಲಿ ರೋಗ ಬೇಗ ಹರಡುತ್ತದೆಂದು. ಎರಡೂ ನಿಜ, ಒಂದು ಇನ್ನೊಂದನ್ನು ಅಲ್ಲಗಳೆಯುವುದಿಲ್ಲ.

ಈಗ ನಮ್ಮ ಸಂಘದ ಮುಂದಿರುವ ಮಾತು. ಸರಕಾರದ ಕ್ಷಯ ವಿಭಾಗದ ಲೆಕ್ಕದಲ್ಲಿ ಪ್ರತಿಯೊಬ್ಬ ರೋಗಿಯ ಕೊನೆಯ ಫಲವನ್ನು ಬರೆಯಬೇಕೆಂಬ ನಿಯಮವಿದೆ. ಗುಣವಾದ, ಚಿಕಿತ್ಸೆ ಮುಗಿಸಿದ, ಔಷಧ ಫಲಿಸಲಿಲ್ಲ, ಸತ್ತ ಎಂಬ ಕಲಮುಗಳ ಜೊತೆಗೆ ಇನ್ನೊಂದು ಕಲಮು ಇದೆ: ಕೈತಪ್ಪಿದವನು. ಔಷಧ ನಡುವೆ ಬಿಟ್ಟು ಎಲ್ಲಿಗೋ ಹೋದವನು ಎಂದರ್ಥ. ಈ ಕಲಮಿನಲ್ಲಿ ನಮ್ಮವರು ಬೀಳುವ ಬಗೆ ನಿಮಗೆಲ್ಲ ಗೊತ್ತಿದೆ. ಹದಿನೆಂಟರ ಮಾಣಿ ಕೆಮ್ಮುತ್ತಾನೆ. ಗಿರಾಕಿಗಳು ಮುಖ ಸಿಂಡರಿಸುತ್ತಾರೆ. ಮಾಲೀಕರು ಬಸ್ಸಿನ ಟಿಕೆಟು ತೆಗೆದುಕೊಟ್ಟು, ಊರಿಗೆ ಹೋಗಿ ಗಂಜಿ ಕುಡಿದು ಸುಧಾರಿಸಿಕೊ ಎನ್ನುತ್ತಾರೆ. ಕೆಟ್ಟ ಮನಸ್ಸಿನಿಂದ ಹೇಳುವುದಿಲ್ಲ. ಆದರೆ ಎರಡು ತಿಂಗಳ ಗುಳಿಗೆ ತಿಂದವನು ಊರಿಗೆ ಹೋಗಿ, ಕೆಮ್ಮು ನಿಂತಿತೆಂದು ಉಳಿದ ನಾಲ್ಕು ತಿಂಗಳ ಗುಳಿಗೆ ಬಿಡುತ್ತಾನೆ. ರೋಗ ಮರಳುತ್ತದೆ, ಕೆಲವೊಮ್ಮೆ ಮೊದಲಿನ ಔಷಧಕ್ಕೆ ಬಗ್ಗದಂತೆ ಮರಳುತ್ತದೆ. ಅವನು ಬದುಕಿದನೋ ಇಲ್ಲವೋ ಎಂಬುದು ನಗರದ ದವಾಖಾನೆಯ ಪುಸ್ತಕದಲ್ಲಿಲ್ಲ. ಹೋಟೆಲಿನ ಗಲ್ಲೆಯ ಪುಸ್ತಕದಲ್ಲಂತೂ ಇಲ್ಲ. ಅವನ ಜಾಗಕ್ಕೆ ಇನ್ನೊಬ್ಬ ಮಾಣಿ ಬಂದಿರುತ್ತಾನೆ.

ಆದುದರಿಂದ ನಮ್ಮ ಸೂಚನೆ ಇದು. ಸಂಘದಲ್ಲಿ ಒಂದು ಪುಸ್ತಕ ಇಡೋಣ. ಒಪ್ಪಿದ ಸದಸ್ಯರ ಹೆಸರು ಮಾತ್ರ ಬರೆಯೋಣ. ರೋಗದ ಹೆಸರು ಹೊರಗೆ ಹೋದರೆ ಕೆಲಸಕ್ಕೆ ಸಂಚಕಾರ. ಆದುದರಿಂದ ಪುಸ್ತಕ ಒಬ್ಬ ಜವಾಬ್ದಾರಿಯುತರ ಬೀಗದಲ್ಲಿಯೇ ಇರಲಿ. ಯಾವ ದಿನ ಔಷಧ ಆರಂಭ, ಎರಡು ತಿಂಗಳಿಗೆ ಮೈತೂಕ ಎಷ್ಟು, ಆರು ತಿಂಗಳಿಗೆ ಚಿಕಿತ್ಸೆ ಮುಗಿಯಿತೆ, ವರ್ಷದ ಮೇಲೆ ಕೆಲಸದಲ್ಲಿದ್ದಾನೆಯೆ, ಇಷ್ಟೇ ಕಲಮುಗಳು. ಒಬ್ಬ ಊರಿಗೆ ಹೊರಟರೆ ತಡೆಯಬೇಕಾಗಿಲ್ಲ. ಸರಕಾರದ ನಿಕ್ಷಯ್ ಯೋಜನೆಯಲ್ಲಿ ಪ್ರತಿ ರೋಗಿಗೂ ಒಂದು ಗುರುತಿನ ಸಂಖ್ಯೆಯಿದೆ. ಚಿಕಿತ್ಸೆಯನ್ನು ಊರಿನ ಆರೋಗ್ಯ ಕೇಂದ್ರಕ್ಕೆ ವರ್ಗ ಮಾಡಿಸಬಹುದು. ಹೊರಡುವ ಮುಂಚೆ ಅದನ್ನು ಮಾಡಿಸುವುದು, ತಿಂಗಳಿಗೊಮ್ಮೆ ಫೋನು ಮಾಡಿ ಗುಳಿಗೆ ಸಿಕ್ಕಿತೆ ಎಂದು ವಿಚಾರಿಸುವುದು, ಇದು ನಮ್ಮ ಕೆಲಸ. ರೋಗಿಯ ಆಹಾರಕ್ಕಾಗಿ 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿದ್ದರು. 2024ರ ನವೆಂಬರಿನಿಂದ ಅದನ್ನು 1000 ರೂಪಾಯಿಗೆ ಏರಿಸಿದ್ದಾರೆ. ಬ್ಯಾಂಕಿನ ಖಾತೆಯಿಲ್ಲವೆಂದು ನಮ್ಮ ಹುಡುಗರು ಅದನ್ನು ಕಳೆದುಕೊಳ್ಳಬಾರದು.

ಮಾಲೀಕ ಬಂಧುಗಳಿಗೂ ಒಂದು ಮಾತು. ಸರಿಯಾದ ಔಷಧ ಆರಂಭವಾದ ಮೇಲೆ ರೋಗ ಹರಡುವ ಶಕ್ತಿ ಬೇಗ ಕುಗ್ಗುತ್ತದೆ. ವೈದ್ಯರು ಯೋಗ್ಯನೆಂದು ಹೇಳಿದ ದಿನ ಹುಡುಗನನ್ನು ಕೆಲಸಕ್ಕೆ ಮರಳಿ ಕರೆಯಿರಿ. ಕೆಲಸ ಹೋಗುತ್ತದೆಂಬ ಭಯ ಇದ್ದಷ್ಟು ದಿನ ಕೆಮ್ಮುವವನು ಕೆಮ್ಮನ್ನು ಬಚ್ಚಿಡುತ್ತಾನೆ. ಬಚ್ಚಿಟ್ಟ ಕೆಮ್ಮು ನಿಮ್ಮ ಅಡಿಗೆಮನೆಗೇ ಅಪಾಯ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಇಪ್ಪತ್ತು ಮೂವತ್ತು ಹೆಸರುಗಳ ನಮ್ಮ ಪುಸ್ತಕದಿಂದ ಯಾವ ಆಸ್ಪತ್ರೆಗೂ ಒಳ್ಳೆಯದು ಕೆಟ್ಟದು ಎಂಬ ಹಣೆಪಟ್ಟಿ ಕಟ್ಟಲಾಗದು. ಅಷ್ಟು ಸಣ್ಣ ಸಂಖ್ಯೆಯಲ್ಲಿ ಅದೃಷ್ಟದ ಆಟವೇ ಹೆಚ್ಚು. ನೈಟಿಂಗೇಲರಂಥವರನ್ನೇ ದಾರಿ ತಪ್ಪಿಸಿದ ಅಂಕಿ ನಮ್ಮನ್ನು ಬಿಟ್ಟೀತೆ? ಪುಸ್ತಕದ ಉದ್ದೇಶ ಒಂದೇ: ನಮ್ಮವನೊಬ್ಬನೂ ಕೈತಪ್ಪಿದವನ ಕಲಮಿನಲ್ಲಿ ಬೀಳಬಾರದು. ಆಸ್ಪತ್ರೆಗಳ ತೂಕ ನೋಡುವುದು ಸರಕಾರದ, ದೊಡ್ಡ ಸಂಸ್ಥೆಗಳ ಕೆಲಸ. ಅದನ್ನು ಮಾಡಿರೆಂದು ಒತ್ತಾಯಿಸುವುದು ನಮ್ಮ ಹಕ್ಕು. 1952ರಲ್ಲಿ ಕಾನ್ಪುರ ಮತ್ತು ದಿಲ್ಲಿಯಲ್ಲಿ ಆರಂಭವಾದ ಕಾರ್ಮಿಕರ ರಾಜ್ಯ ವಿಮೆಗೆ ಪಗಾರದಿಂದ ಹಣ ಕಡಿದು ಕೊಟ್ಟವರು ನಾವು. ಎಷ್ಟು ಹಾಸಿಗೆ, ಎಷ್ಟು ಡಾಕ್ಟರರು ಎಂದು ಹೇಳುವುದರ ಜೊತೆಗೆ ಎಷ್ಟು ಮಂದಿ ಗುಣವಾಗಿ ದುಡಿಮೆಗೆ ಮರಳಿದರು ಎಂದೂ ಹೇಳಿರೆಂದು ಕೇಳಲು ನಮಗೆ ಸಂಕೋಚವೇಕೆ?

ಅಲ್ಲಿಯವರೆಗೆ, ಶಸ್ತ್ರಕ್ರಿಯೆಗೆ ಒಪ್ಪಿಗೆಯ ಹೆಬ್ಬೆಟ್ಟು ಒತ್ತುವ ಮೊದಲು ಪ್ರತಿಯೊಬ್ಬರೂ ನಾಲ್ಕು ಪ್ರಶ್ನೆ ಕೇಳಿರಿ. ಈ ಶಸ್ತ್ರಕ್ರಿಯೆಯನ್ನು ಇಲ್ಲಿ ವರ್ಷಕ್ಕೆ ಎಷ್ಟು ಸಲ ಮಾಡುತ್ತೀರಿ? ನನ್ನಂಥ ವಯಸ್ಸಿನ, ನನ್ನಂಥ ರೋಗದವರಲ್ಲಿ ಎಷ್ಟು ಮಂದಿಗೆ ತೊಂದರೆಯಾಯಿತು? ನಾನು ಎಷ್ಟು ದಿನದ ಮೇಲೆ ನಿಂತು ದುಡಿಯಬಲ್ಲೆ? ಶಸ್ತ್ರಕ್ರಿಯೆ ಮಾಡದೆ ಬಿಟ್ಟರೆ ಏನಾಗುತ್ತದೆ? ನಯವಾಗಿ ಕೇಳಿರಿ, ಆದರೆ ಕೇಳದೆ ಬಿಡಬೇಡಿರಿ. ಒಳ್ಳೆಯ ವೈದ್ಯರು ಇದರಿಂದ ಸಿಟ್ಟಾಗುವುದಿಲ್ಲ. ಅವರೇ ಈ ಲೆಕ್ಕವನ್ನು ಮೊದಲು ಬಯಸಿದವರು. ವಿಯೆನ್ನಾದ, ಬಾಸ್ಟನ್ನಿನ, ಬ್ರಿಸ್ಟಲಿನ ಕಥೆಗಳಲ್ಲಿ ಎಣಿಸಿದವರೂ ವೈದ್ಯರೇ ಎಂಬುದನ್ನು ಮರೆಯಬಾರದು.

ಪುಸ್ತಕಕ್ಕೆ ಹೆಸರು ಕೊಡಲು ಒಪ್ಪುವವರು ಸಭೆ ಮುಗಿದ ಮೇಲೆ ಕಾರ್ಯದರ್ಶಿಗಳನ್ನು ಒಳಕೋಣೆಯಲ್ಲಿ ಕಾಣಬಹುದು. ಈಗಾಗಲೇ ಊರಿಗೆ ಹೋದವರು ಯಾರಾದರೂ ನೆನಪಿಗೆ ಬಂದರೆ ಇಂದು ರಾತ್ರಿಯೇ ಅವರಿಗೊಂದು ಫೋನು ಮಾಡಿರಿ. ಗುಳಿಗೆ ಮುಗಿಸಿದೆಯಾ ಎಂದು ಕೇಳಿರಿ.